ಹಿಟ್ಟೈಟರು: ಆಡಿದ ಭಾಷೆ, ಕೊಟ್ಟ ಭಾಷೆ

ಕನ್ನಡದಲ್ಲಿ ‘ಭಾಷೆ’ ಎಂಬ ಪದಕ್ಕೆ ಆಡುವ ನುಡಿ ಎಂಬ ಅರ್ಥವೂ ಇದೆ, ಕೊಟ್ಟ ಮಾತು ಎಂಬ ಅರ್ಥವೂ ಇದೆ. ಹಿಟ್ಟೈಟರೆಂಬ ಪ್ರಾಚೀನ ಜನರನ್ನು ಅರಿಯಲು ಈ ಎರಡೂ ಅರ್ಥಗಳು ಬೇಕಾಗುತ್ತವೆ. ಇಂದಿನ ಟರ್ಕಿ ದೇಶದ ನಡುಭಾಗದಲ್ಲಿರುವ ಅನತೋಲಿಯ ಪ್ರಸ್ಥಭೂಮಿಯಲ್ಲಿ ಸುಮಾರು ಕ್ರಿ.ಪೂ. 1650ರಿಂದ ಕ್ರಿ.ಪೂ. 1180ರವರೆಗೆ ರಾಜ್ಯವಾಳಿ, ಒಂದು ಹಂತದಲ್ಲಿ ಈಜಿಪ್ಟ್, ಬ್ಯಾಬಿಲೋನ್ ಮತ್ತು ಅಸ್ಸೀರಿಯಗಳಿಗೆ ಸರಿಸಮನಾಗಿ ನಿಂತಿದ್ದ ಈ ಜನ ಮುಂದೆ ಸುಮಾರು ಮೂರು ಸಾವಿರ ವರ್ಷ ಲೋಕದ ನೆನಪಿನಿಂದಲೇ ಅಳಿಸಿಹೋಗಿದ್ದರು. ಅವರು ಮತ್ತೆ ನಮಗೆ ದೊರಕಿದ್ದು ಅವರು ಆಡುತ್ತಿದ್ದ ಭಾಷೆಯನ್ನು ಓದಲು ಸಾಧ್ಯವಾದಾಗ. ಹಾಗೆ ಓದಿದಾಗ ಎದ್ದು ಕಂಡದ್ದು ಕೊಟ್ಟ ಭಾಷೆಯ ವಿಷಯದಲ್ಲಿ ಅವರಿಗಿದ್ದ ಭಯಭಕ್ತಿ. ಕತ್ತಿಯ ಬಲ ಅವರಿಗೂ ಇತ್ತು. ಆದರೆ ಅವರ ರಾಜ್ಯ ನಿಂತದ್ದು ಆಣೆ, ಕಟ್ಟಳೆ ಮತ್ತು ತಪ್ಪೊಪ್ಪಿಗೆಗಳ ಮೇಲೆ, ಅವೆಲ್ಲವನ್ನೂ ಮಣ್ಣಿನ ಫಲಕಗಳ ಮೇಲೆ ಬರೆದಿಡುವ ಅಭ್ಯಾಸದ ಮೇಲೆ.

ಮರೆವು ಎಷ್ಟು ಆಳವಾಗಿತ್ತೆಂಬುದಕ್ಕೆ ಗ್ರೀಕ್ ಇತಿಹಾಸಕಾರ ಹೆರೊಡೋಟಸನೇ ಸಾಕ್ಷಿ. ಕ್ರಿ.ಪೂ. 5ನೆಯ ಶತಮಾನದಲ್ಲಿ ಅವನು ಪಶ್ಚಿಮ ಅನತೋಲಿಯದ ಬಂಡೆಗಲ್ಲಿನಲ್ಲಿ ಕೆತ್ತಿದ, ಬಿಲ್ಲು ಮತ್ತು ಈಟಿ ಹಿಡಿದ ಯೋಧನೊಬ್ಬನ ಚಿತ್ರವನ್ನು ವರ್ಣಿಸುತ್ತಾನೆ. ಅದು ಈಜಿಪ್ಟಿನ ದೊರೆ ಸೆಸೊಸ್ಟ್ರಿಸ್ ಎಂದು ಹೇಳುತ್ತಾನೆ. ಆ ಬಂಡೆ ಇಜ್ಮಿರ್ ನಗರದ ಸಮೀಪದ ಕರಾಬೆಲ್ ಕಣಿವೆಯಲ್ಲಿ ಇಂದಿಗೂ ಇದೆ. ಅದರಲ್ಲಿರುವವನು ಯಾರೆಂಬುದನ್ನು ಕೊನೆಯಲ್ಲಿ ನೋಡೋಣ. ಹೀಬ್ರೂ ಬೈಬಲಿನಲ್ಲಿ ಹಿಟ್ಟೈಟರ ಹೆಸರು ಅಲ್ಲಲ್ಲಿ ಬರುತ್ತದೆ. ಅಬ್ರಹಾಮನು ತನ್ನ ಹೆಂಡತಿಯ ಸಮಾಧಿಗಾಗಿ ಗುಹೆಯನ್ನು ಕೊಂಡದ್ದು ಹಿಟ್ಟೈಟನೊಬ್ಬನಿಂದ. ದಾವೀದನ ಸೈನ್ಯದಲ್ಲಿದ್ದ ಊರೀಯನೂ ಹಿಟ್ಟೈಟನೇ. ಆದರೆ ಅಲ್ಲಿ ಅವರು ಕಾನಾನ್ ನಾಡಿನ ಹಲವು ಸಣ್ಣ ಬುಡಕಟ್ಟುಗಳಲ್ಲಿ ಒಂದು, ಅಷ್ಟೇ. 1834ರಲ್ಲಿ ಶಾರ್ಲ್ ಟೆಕ್ಸಿಯೆ ಎಂಬ ಫ್ರೆಂಚ್ ಪ್ರವಾಸಿ ಅಂಕಾರದಿಂದ ಸುಮಾರು 150 ಕಿಲೋಮೀಟರ್ ಪೂರ್ವಕ್ಕಿರುವ ಬೊಗಾಜ್‌ಕೊಯ್ ಹಳ್ಳಿಯ ಮೇಲಿನ ಗುಡ್ಡದಲ್ಲಿ ಆರು ಕಿಲೋಮೀಟರಿಗೂ ಉದ್ದದ ಕೋಟೆಯ ಅವಶೇಷವನ್ನೂ ಸಿಂಹಗಳನ್ನು ಕಡೆದ ಹೆಬ್ಬಾಗಿಲನ್ನೂ ಕಂಡನು. ಅದು ಯಾರ ನಗರವೆಂದು ಹೇಳಬಲ್ಲವರು ಆಗ ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ.

ಉತ್ತರ ಸಿಕ್ಕಿದ್ದು 1906ರಲ್ಲಿ, ಜರ್ಮನಿಯ ಹ್ಯೂಗೊ ವಿಂಕ್ಲರ್ ಮತ್ತು ಇಸ್ತಾಂಬುಲ್ ವಸ್ತುಸಂಗ್ರಹಾಲಯದ ಥಿಯೊಡೋರ್ ಮಕ್ರಿದಿ ಅಲ್ಲಿ ಅಗೆತ ಆರಂಭಿಸಿದಾಗ. ಜೇಡಿಮಣ್ಣಿನ ಫಲಕಗಳ ಚೂರುಗಳು ಸಾವಿರಗಟ್ಟಲೆ ಹೊರಬಂದವು. ಇಂದಿನವರೆಗೆ ದೊರೆತವುಗಳ ಲೆಕ್ಕ ಸುಮಾರು 30,000. ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯಲ್ಲಿದ್ದ ಫಲಕಗಳನ್ನು ವಿಂಕ್ಲರ್ ನೇರವಾಗಿ ಓದಬಲ್ಲವನಾಗಿದ್ದನು. ಅವುಗಳಲ್ಲೊಂದು, ಈಜಿಪ್ಟಿನ ಎರಡನೆಯ ರಾಮ್ಸೆಸನಿಗೂ ಹಿಟ್ಟೈಟರ ನಾಡಾದ ‘ಹತ್ತಿ’ಯ ದೊರೆಗೂ ಆದ ಶಾಂತಿ ಒಪ್ಪಂದ. ಅದರ ಈಜಿಪ್ಟ್ ಪಾಠ ಕಾರ್ನಾಕ್ ದೇವಾಲಯದ ಗೋಡೆಯ ಮೇಲಿರುವುದು ವಿದ್ವಾಂಸರಿಗೆ ಮೊದಲೇ ಗೊತ್ತಿತ್ತು. ಒಪ್ಪಂದದ ಇನ್ನೊಂದು ಪ್ರತಿ ಇಲ್ಲಿ ಸಿಕ್ಕಿತೆಂದರೆ, ಈ ಗುಡ್ಡವೇ ಹತ್ತಿಯ ದೊರೆಗಳ ರಾಜಧಾನಿ ಹತ್ತುಸ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಕಳೆದುಹೋದ ನಗರವೊಂದು ಕೊಟ್ಟ ಮಾತಿನ ದಾಖಲೆಯಿಂದಲೇ ತನ್ನ ಗುರುತನ್ನು ಮರಳಿ ಪಡೆಯಿತು.

ಉಳಿದ ಬಹುಪಾಲು ಫಲಕಗಳ ಪರಿಸ್ಥಿತಿ ವಿಚಿತ್ರವಾಗಿತ್ತು. ಅವನ್ನು ಬರೆದದ್ದು ಕ್ಯೂನಿಫಾರ್ಮ್ ಎಂಬ ಬೆಣೆಲಿಪಿಯಲ್ಲಿ. ಆ ಲಿಪಿಯನ್ನು ಗಟ್ಟಿಯಾಗಿ ಓದಬಹುದಾಗಿತ್ತು, ಆದರೆ ಓದಿದ್ದರ ಅರ್ಥ ಯಾರಿಗೂ ಆಗುತ್ತಿರಲಿಲ್ಲ. ಕನ್ನಡ ಲಿಪಿಯಲ್ಲಿ ಬರೆದ ಅಪರಿಚಿತ ಭಾಷೆಯೊಂದನ್ನು ನಾವು ತಡವರಿಸದೆ ಉಚ್ಚರಿಸಿಯೂ ಏನೂ ತಿಳಿಯದೆ ಕುಳಿತಂತೆ. ಈ ಬೀಗವನ್ನು 1915ರಲ್ಲಿ ತೆರೆದವನು ಚೆಕ್ ವಿದ್ವಾಂಸ ಬೆದ್ರಿಖ್ ಹ್ರೋಜ್ನಿ. ಅವನ ಕೀಲಿ ಒಂದು ವಾಕ್ಯ: “ನು ನಿಂದ-ಅನ್ ಎಜ್ಜತ್ತೇನಿ, ವಾತರ್-ಮ ಎಕುತ್ತೇನಿ.” ಹಿಟ್ಟೈಟ್ ಲಿಪಿಕಾರರು ಸುಮೇರಿಯನ್ ಭಾಷೆಯ ಕೆಲವು ಚಿಹ್ನೆಗಳನ್ನು ಹಾಗೆಯೇ ಎರವಲು ಪಡೆದು ಬಳಸುತ್ತಿದ್ದರು, ಅಂಥ ಚಿಹ್ನೆಗಳಲ್ಲಿ ‘ನಿಂದ’ ಎಂದರೆ ರೊಟ್ಟಿ ಎಂಬುದು ತಿಳಿದ ವಿಷಯ. ರೊಟ್ಟಿ ಇರುವಲ್ಲಿ ತಿನ್ನುವ ಮಾತು ಇರಬೇಕು; ‘ಎಜ್ಜತ್ತೇನಿ’ ಹಳೆಯ ಜರ್ಮನಿನ ‘ಎಜ್ಜನ್’, ಲ್ಯಾಟಿನಿನ ‘ಎದೊ’ ಪದಗಳನ್ನು ನೆನಪಿಸುತ್ತಿತ್ತು. ಅದರ ಪಕ್ಕದ ‘ವಾತರ್’ ನೀರಲ್ಲದೆ ಬೇರೇನಿರಲು ಸಾಧ್ಯ? “ಈಗ ನೀವು ರೊಟ್ಟಿ ತಿನ್ನುವಿರಿ, ನೀರು ಕುಡಿಯುವಿರಿ” ಎಂದು ಹ್ರೋಜ್ನಿ ಅರ್ಥ ಮಾಡಿದನು. ಹಿಟ್ಟೈಟ್ ಭಾಷೆ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವುಗಳ ಇಂಡೋ-ಯೂರೋಪಿಯನ್ ಕುಟುಂಬಕ್ಕೆ ಸೇರಿದ್ದೆಂದು ಸಾರಿದನು.

ಕನ್ನಡ ಓದುಗರಿಗೆ ಈ ವಾಕ್ಯದಲ್ಲಿ ಇನ್ನೊಂದು ಸೊಗಸು ಕಾಣಬಹುದು. ‘ಎಜ್ಜ’ ಎಂಬುದರ ಧಾತುವಿಗೆ ಒಡಹುಟ್ಟಾದದ್ದು ಸಂಸ್ಕೃತದ ‘ಅದ್’, ಅಂದರೆ ತಿನ್ನು. ‘ಅನ್ನ’ ಹುಟ್ಟಿದ್ದು ಅದರಿಂದ. ‘ವಾತರ್’ ಸಂಸ್ಕೃತದ ‘ಉದನ್’, ‘ಉದಕ’ಗಳ ಬಂಧು. ನಾವು ಸಲೀಸಾಗಿ ಆಡುವ ‘ಅನ್ನೋದಕ’ ಎಂಬ ಜೋಡಿಪದದ ಎರಡು ಬೇರುಗಳೂ ಸುಮಾರು 3,300 ವರ್ಷಗಳ ಹಿಂದಿನ ಆ ಒಂದೇ ವಾಕ್ಯದಲ್ಲಿವೆ. ಮಂಡಿಗೆ ಹಿಟ್ಟೈಟಿನಲ್ಲಿ ‘ಗೆನು’, ಸಂಸ್ಕೃತದಲ್ಲಿ ‘ಜಾನು’, ಆಕಾಶಕ್ಕೆ ‘ನೇಪಿಸ್’, ಇತ್ತ ‘ನಭಸ್’ಗೆ ಮೋಡ, ಆಕಾಶ ಎಂಬ ಅರ್ಥ, ನೊಗಕ್ಕೆ ‘ಯುಗನ್’, ಇತ್ತ ‘ಯುಗ’. ಕನ್ನಡವು ದ್ರಾವಿಡ ಭಾಷೆಯಾದ್ದರಿಂದ ಈ ನಂಟು ನಮ್ಮ ನುಡಿಗೆ ನೇರವಾದದ್ದಲ್ಲ, ಸಂಸ್ಕೃತದಿಂದ ನಾವು ಪಡೆದ ಪದಗಳ ಮೂಲಕ ಬಂದದ್ದು ಎಂಬುದನ್ನು ಮರೆಯಬಾರದು.

ಈ ಭಾಷೆ ಭಾಷಾವಿಜ್ಞಾನಕ್ಕೆ ಕೊಟ್ಟ ಕೊಡುಗೆಯೊಂದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1879ರಲ್ಲಿ, ಹಿಟ್ಟೈಟ್ ಫಲಕಗಳು ಮಣ್ಣಿನಡಿಯಲ್ಲಿದ್ದಾಗಲೇ, 21 ವರ್ಷದ ಫರ್ಡಿನಾಂಡ್ ದ ಸಸ್ಯೂರ್ ಎಂಬ ತರುಣ ವಿದ್ವಾಂಸನು ಮೂಲ ಇಂಡೋ-ಯೂರೋಪಿಯನ್ ಭಾಷೆಯಲ್ಲಿ ಮುಂದೆ ಎಲ್ಲ ಕಡೆಯೂ ಅಳಿದುಹೋದ ಕೆಲವು ಧ್ವನಿಗಳು ಇದ್ದಿರಲೇಬೇಕೆಂದು ಸ್ವರಗಳ ಲೆಕ್ಕಾಚಾರ ಒಂದರಿಂದಲೇ ವಾದಿಸಿದ್ದನು. ಆಗ ಅದನ್ನು ನಂಬಿದವರು ಕಡಿಮೆ. 1927ರಲ್ಲಿ ಪೋಲೆಂಡಿನ ಯೆರ್ಜಿ ಕುರಿವೊವಿಚ್, ಆ ಧ್ವನಿ ಹಿಟ್ಟೈಟಿನಲ್ಲಿ ‘ಹ’ಕಾರವಾಗಿ ಉಳಿದಿದೆಯೆಂದು ತೋರಿಸಿದನು. ನಮ್ಮ ‘ಅಸ್ಥಿ’ ಅಲ್ಲಿ ‘ಹಸ್ತಾಯಿ’. ಬಿಳುಪು ಎಂಬ ಅರ್ಥದ ‘ಅರ್ಜುನ’ ಶಬ್ದದ ಬಂಧು ಅಲ್ಲಿ ‘ಹರ್ಕಿ’. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಕಳೆದುಕೊಂಡ ಒಂದು ಧ್ವನಿಯನ್ನು ಅನತೋಲಿಯದ ಮಣ್ಣು ಕಾಪಾಡಿಕೊಂಡಿತ್ತು. ಬರಿಯ ತರ್ಕದಿಂದ ಕಂಡದ್ದು ನೆಲದಿಂದ ಎದ್ದುಬಂದು ನಿಜವಾದ ಇಂಥ ಸಂದರ್ಭಗಳು ಮಾನವಿಕ ಶಾಸ್ತ್ರಗಳಲ್ಲಿ ತೀರ ವಿರಳ.

ಇನ್ನು ಹೆಸರಿನ ವಿಷಯ. ಈ ಜನ ತಮ್ಮ ಭಾಷೆಯನ್ನು ಹಿಟ್ಟೈಟ್ ಎಂದು ಕರೆಯುತ್ತಿರಲಿಲ್ಲ. ಅವರಿಗೆ ಅದು ‘ನೇಸಿಲಿ’, ಅಂದರೆ ನೇಸ ನಗರದ ನುಡಿ. ನೇಸ ಎಂದರೆ ಇಂದಿನ ಕೈಸೆರಿ ಪಟ್ಟಣದ ಬಳಿಯ ಕ್ಯುಲ್‌ತೆಪೆ, ಅಸ್ಸೀರಿಯದ ವರ್ತಕರ ಬಾಯಲ್ಲಿ ಕಾನೆಶ್. ಕ್ರಿ.ಪೂ. 20ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಆ ವರ್ತಕರು ಕತ್ತೆಗಳ ಮೇಲೆ ತವರ ಮತ್ತು ಬಟ್ಟೆಯನ್ನು ಹೇರಿಕೊಂಡು ಬಂದು ಬೆಳ್ಳಿ ಬಂಗಾರಗಳನ್ನು ಒಯ್ಯುತ್ತಿದ್ದರು. ಅಲ್ಲಿ ಅವರು ಬಿಟ್ಟುಹೋದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಫಲಕಗಳಲ್ಲಿ ಸೇರಿಕೊಂಡಿರುವ ಹಿಟ್ಟೈಟ್ ಪದಗಳೇ ಯಾವುದೇ ಇಂಡೋ-ಯೂರೋಪಿಯನ್ ಭಾಷೆಯ ಅತ್ಯಂತ ಹಳೆಯ ಲಿಖಿತ ಕುರುಹು. ‘ಹತ್ತಿ’ ಎಂಬ ನಾಡಿನ ಹೆಸರು ಇವರಿಗಿಂತ ಮೊದಲು ಅಲ್ಲಿದ್ದ, ಬೇರೊಂದು ಭಾಷೆಯಾಡುತ್ತಿದ್ದ ಜನರದು. ಕ್ರಿ.ಪೂ. 18ನೆಯ ಶತಮಾನದಲ್ಲಿ ನೇಸದಿಂದ ಆಳಿದ ಅನಿತ್ತ ಎಂಬ ದೊರೆ ಹತ್ತುಸವನ್ನು ಗೆದ್ದು ನೆಲಸಮ ಮಾಡಿ, ಅದರ ಮೇಲೆ ಕಳೆಯ ಬೀಜ ಬಿತ್ತಿ, ಮುಂದೆ ಇದನ್ನು ಮತ್ತೆ ಕಟ್ಟುವ ಅರಸನಿಗೆ ಕೇಡಾಗಲಿ ಎಂದು ಶಪಿಸಿದನು. ಸುಮಾರು ನೂರು ವರ್ಷಗಳ ನಂತರ ಬಂದ ಮತ್ತೊಬ್ಬ ದೊರೆ ಆ ಶಾಪದ ನೆಲವನ್ನೇ ರಾಜಧಾನಿಯಾಗಿ ಮಾಡಿಕೊಂಡು, ಹತ್ತುಸದವನು ಎಂಬ ಅರ್ಥದ ಹತ್ತುಸಿಲಿ ಎಂಬ ಹೆಸರನ್ನು ಧರಿಸಿದನು. ಶಾಪವನ್ನು ದಾಖಲಿಸಿದ ಅನಿತ್ತನ ಪಾಠವನ್ನೂ ಅದೇ ನಗರದ ಲಿಪಿಕಾರರು ಪ್ರತಿಮಾಡಿ ಕಾಪಾಡಿದರು.

ಹೀಗೆ ಪರರದ್ದನ್ನು ಅಳಿಸದೆ ಜೊತೆಗಿಟ್ಟುಕೊಳ್ಳುವುದು ಅವರ ರೂಢಿಯಾಗಿತ್ತು. ಹತ್ತುಸದ ಸಂಗ್ರಹದಲ್ಲಿ ಹಿಟ್ಟೈಟ್, ಅಕ್ಕಾಡಿಯನ್, ಸುಮೇರಿಯನ್, ಹತ್ತಿಕ್, ಹುರಿಯನ್, ಲುವಿಯನ್, ಪಲಾಯಿಕ್ ಎಂಬ ಏಳು ಭಾಷೆಗಳು ಸಿಗುತ್ತವೆ. 2023ರಲ್ಲಿ, ವಾಯವ್ಯದ ಕಲಸ್ಮ ಎಂಬ ಸೀಮೆಯ ಭಾಷೆ ಒಂದು ಪೂಜಾವಿಧಿಯ ಫಲಕದಲ್ಲಿ ಹೊಸದಾಗಿ ಸಿಕ್ಕಿತು. ಕಾರಣ ಸರಳ: ಯಾವ ದೇವರು ಯಾವ ಊರಿನದೋ ಆ ದೇವರನ್ನು ಆ ಊರಿನ ನುಡಿಯಲ್ಲೇ ಕರೆಯಬೇಕೆಂಬುದು ಅವರ ನಂಬಿಕೆ.

ಈಗ ಕೊಟ್ಟ ಭಾಷೆಗೆ ಬರೋಣ. ಹಿಟ್ಟೈಟಿನಲ್ಲಿ ಒಪ್ಪಂದಕ್ಕೂ ಆಜ್ಞೆಗೂ ಒಂದೇ ಪದ, ‘ಇಸ್ಹಿಯುಲ್’. ಅದು ಕಟ್ಟು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಕನ್ನಡದ ‘ಕಟ್ಟಳೆ’, ‘ಕಟ್ಟುಪಾಡು’ಗಳು ಹುಟ್ಟಿದ ರೀತಿಯೂ ಅದೇ. ಅದರ ಜೊತೆಗಿರುವ ಇನ್ನೊಂದು ಪದ ‘ಲಿಂಗಾಯಿ’, ಅಂದರೆ ಆಣೆ. ಆಣೆಗೆ ದೇವರುಗಳು ಸಾಕ್ಷಿ. ತಪ್ಪಿದವನನ್ನೂ ಅವನ ಮನೆತನವನ್ನೂ ಅವನ ನಾಡನ್ನೂ ಆ ದೇವರುಗಳು ಬಿಡುವುದಿಲ್ಲ. ಸಾಮಂತರು, ಸೇನಾಧಿಪತಿಗಳು, ಕೋಟೆಯ ಕಾವಲುಗಾರರು, ಅರಮನೆಯ ಅಡುಗೆಯವರು, ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಈ ಕಟ್ಟಿಗೆ ಒಳಪಟ್ಟವರು. ರಸ್ತೆಗಳೂ ಸೈನಿಕರೂ ಸಾಲದ ಗುಡ್ಡಗಾಡು ನಾಡಿನಲ್ಲಿ, ದೂರದ ಸಾಮಂತನನ್ನು ಹಿಡಿದಿಡಲು ಇದಕ್ಕಿಂತ ಗಟ್ಟಿಯಾದ ಹಗ್ಗ ಅವರ ಬಳಿ ಇರಲಿಲ್ಲವೆಂದು ನನಗೆ ತೋರುತ್ತದೆ.

ಈ ಹಗ್ಗದ ಅಗತ್ಯವನ್ನು ಅವರು ಕಲಿತದ್ದು ತಮ್ಮದೇ ರಕ್ತದಿಂದ. ಮೊದಲನೆಯ ಹತ್ತುಸಿಲಿ ಸಾವಿನ ಅಂಚಿನಲ್ಲಿ, ತನ್ನ ಮಕ್ಕಳೇ ತನ್ನ ವಿರುದ್ಧ ಎದ್ದದ್ದನ್ನೂ ವಾರಸುದಾರನೆಂದು ಸಾಕಿದ ಸೋದರಳಿಯ ಕರುಣೆಯಿಲ್ಲದವನಾದದ್ದನ್ನೂ ಎದೆಬಿರಿದು ಹೇಳಿ, ಮುರ್ಸಿಲಿ ಎಂಬ ಬಾಲಕನನ್ನು ಉತ್ತರಾಧಿಕಾರಿಯಾಗಿ ಆರಿಸಿದನು. ಆ ಮಾತುಗಳನ್ನು ತಿಂಗಳು ತಿಂಗಳೂ ಅವನಿಗೆ ಓದಿ ಹೇಳಬೇಕೆಂದು ವಿಧಿಸಿದನು. ಆ ಮುರ್ಸಿಲಿಯೇ ಬೆಳೆದು, ಸಾಮಾನ್ಯವಾಗಿ ಒಪ್ಪಲಾದ ಗಣನೆಯಂತೆ ಕ್ರಿ.ಪೂ. 1595ರಲ್ಲಿ, ಯೂಫ್ರೆಟಿಸ್ ನದಿಯುದ್ದಕ್ಕೂ ಸೈನ್ಯ ನಡೆಸಿ ಬ್ಯಾಬಿಲೋನನ್ನು ಸೂರೆಮಾಡಿ ಹಮ್ಮುರಾಬಿಯ ವಂಶವನ್ನು ಕೊನೆಗಾಣಿಸಿದನು. ಮನೆಗೆ ಮರಳಿದವನನ್ನು ಅವನ ಭಾವನಾದ ಹಂತಿಲಿ ಕೊಂದನು. ಮುಂದೆ ಕೊಲೆಯ ಮೇಲೆ ಕೊಲೆ. ಇದಕ್ಕೆ ತಡೆಹಾಕಲು ಕ್ರಿ.ಪೂ. 16ನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದ ತೆಲಿಪಿನು ಒಂದು ಶಾಸನ ಹೊರಡಿಸಿದನು. ತನ್ನ ಪೂರ್ವಜರು ಮಾಡಿದ ಕೊಲೆಗಳನ್ನು ಒಂದೊಂದಾಗಿ ಹೆಸರಿಸಿ ಆರಂಭವಾಗುವ ಆ ಶಾಸನ, ಪಟ್ಟದರಾಣಿಯ ಮಗ ದೊರೆಯಾಗಬೇಕು, ಅವನಿಲ್ಲದಿದ್ದರೆ ಎರಡನೆಯ ದರ್ಜೆಯ ಮಗ, ಅವನೂ ಇಲ್ಲದಿದ್ದರೆ ಪಟ್ಟದರಾಣಿಯ ಮಗಳ ಗಂಡ ಎಂದು ಕ್ರಮವಿಟ್ಟಿತು. ರಾಜಕುಮಾರನು ತಪ್ಪು ಮಾಡಿದರೆ ಅವನ ತಲೆಯೊಂದೇ ದಂಡ. ಅವನ ಹೆಂಡತಿಮಕ್ಕಳಿಗೆ, ಮನೆಗೆ, ಹೊಲಕ್ಕೆ ಹಾನಿಯಾಗಕೂಡದು. ರಾಜವಂಶದ ರಕ್ತ ಹರಿಸುವವನನ್ನು, ಅವನು ದೊರೆಯೇ ಆಗಿದ್ದರೂ, ಎಚ್ಚರಿಸುವ ಮತ್ತು ದಂಡಿಸುವ ಅಧಿಕಾರ ‘ಪಂಕು’ ಎಂಬ ಸಭೆಗೆ ದೊರಕಿತು.

ಇದೇ ಮನೋಧರ್ಮ ಅವರ ಕಾನೂನಿನಲ್ಲೂ ಕಾಣುತ್ತದೆ. ಸುಮಾರು 200 ಕಲಮುಗಳ ಆ ಸಂಹಿತೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು “ಹಿಂದೆ ಹೀಗಿತ್ತು, ಈಗ ಹೀಗೆ” ಎಂಬ ಮಾತಿನ ರೀತಿ. ಸ್ವತಂತ್ರ ವ್ಯಕ್ತಿಯ ಕಣ್ಣು ಕುರುಡಾಗಿಸಿದವನು ಅಥವಾ ಹಲ್ಲು ಮುರಿದವನು ಹಿಂದೆ 40 ಶೆಕೆಲ್ ಬೆಳ್ಳಿ ಕೊಡಬೇಕಾಗಿತ್ತು, ಈಗ 20 ಶೆಕೆಲ್. ಹೋರಿ ಕದ್ದವನು ಹಿಂದೆ 30 ದನ ತೆರಬೇಕಾಗಿತ್ತು, ಈಗ 15. ಎರಡು ಮೂರು ಜೇನುಗೂಡು ಕದ್ದವನನ್ನು ಹಿಂದೆ ಜೇನುಹುಳುಗಳ ಕಡಿತಕ್ಕೆ ಒಡ್ಡುತ್ತಿದ್ದರು. ಈಗ ಅವನು 6 ಶೆಕೆಲ್ ಬೆಳ್ಳಿ ಕೊಟ್ಟರೆ ಸಾಕು. ಒಂದು ಶೆಕೆಲ್ ಬೆಲೆ ಎಷ್ಟೆಂಬುದಕ್ಕೂ ಅದೇ ಸಂಹಿತೆಯಲ್ಲಿ ದರಪಟ್ಟಿ ಇದೆ: ಒಂದು ಕುರಿಗೆ 1 ಶೆಕೆಲ್, ಬಲಿತ ಹಸುವಿಗೆ 7, ಉಳುವ ಎತ್ತಿಗೆ 12. ಕಣ್ಣಿಗೆ ಕಣ್ಣು ಎಂಬ ಹಮ್ಮುರಾಬಿಯ ನ್ಯಾಯದ ಪಕ್ಕದಲ್ಲಿಟ್ಟರೆ ಇದು ಸೇಡಿನಿಂದ ಪರಿಹಾರದ ಕಡೆಗೆ ನಡೆದ ನ್ಯಾಯ. ಜಗಳದಲ್ಲಿ ಕೊಲೆ ಮಾಡಿದವನೂ ಶವಸಂಸ್ಕಾರದ ಹೊಣೆ ಹೊತ್ತು ಸತ್ತವನ ಕಡೆಯವರಿಗೆ ನಾಲ್ವರನ್ನು ಒಪ್ಪಿಸಬೇಕಾಗಿತ್ತು. ಇದನ್ನು ಬರಿಯ ಮೃದುತನವೆಂದು ಹೊಗಳುವಂತಿಲ್ಲ: ಗುಲಾಮನ ಅಂಗಕ್ಕೆ ಸ್ವತಂತ್ರನ ಅಂಗದ ಅರ್ಧ ಬೆಲೆ, ದೊರೆಯ ತೀರ್ಪನ್ನು ತಿರಸ್ಕರಿಸಿದವನ ಮನೆಯೇ ಹಾಳು. ಆದರೂ ಹಳೆಯ ಶಿಕ್ಷೆಯನ್ನು ಮುಚ್ಚಿಡದೆ, ಬದಲಾಯಿಸಿದ್ದೇವೆಂದು ಬರೆದಿಟ್ಟ ಶಾಸನಕರ್ತರು ಆ ಕಾಲದಲ್ಲಿ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಕ್ರಿ.ಪೂ. 14ನೆಯ ಶತಮಾನದ ನಡುವಿನಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಸುಪ್ಪಿಲುಲಿಯುಮನು ರಾಜ್ಯವನ್ನು ಸಾಮ್ರಾಜ್ಯವಾಗಿ ಬೆಳೆಸಿದನು. ಅವನು ಮಣಿಸಿದವರಲ್ಲಿ ಉತ್ತರ ಸಿರಿಯ ಮತ್ತು ಮೇಲಣ ಮೆಸೊಪೊಟೇಮಿಯದ ಮಿತನ್ನಿ ರಾಜ್ಯವೂ ಒಂದು. ಅಲ್ಲಿನ ರಾಜಕುಮಾರ ಶತ್ತಿವಾಜನೊಂದಿಗೆ ಮಾಡಿಕೊಂಡ ಒಪ್ಪಂದದ ಸಾಕ್ಷಿದೇವತೆಗಳ ಉದ್ದನೆಯ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ ಮತ್ತು ನಾಸತ್ಯರ ಹೆಸರುಗಳಿವೆ. ಭಾರತದ ಓದುಗರು ಇಲ್ಲಿ ಸಹಜವಾಗಿಯೇ ನಿಲ್ಲುತ್ತಾರೆ, ನಿಲ್ಲಬೇಕು ಕೂಡ. ಆದರೆ ಈ ದೇವರುಗಳು ಹಿಟ್ಟೈಟರವರಲ್ಲ, ಮಿತನ್ನಿಯವರು. ಮಿತನ್ನಿಯ ಪ್ರಜೆಗಳ ನುಡಿ ಹುರಿಯನ್. ಈ ದೇವರುಗಳ ಹೆಸರುಗಳಲ್ಲಿ, ಅವರ ರಾಜಮನೆತನದ ಹೆಸರುಗಳಲ್ಲಿ ಮತ್ತು ಕುದುರೆ ಸಾಕಣೆಯ ಪರಿಭಾಷೆಯಲ್ಲಿ ಮಾತ್ರ ಆರ್ಯಭಾಷೆಯ ಹಳೆಯ ಪದರವೊಂದು ಉಳಿದಿತ್ತು. ಮಿತನ್ನಿಯ ಕಿಕ್ಕುಲಿ ಎಂಬ ಕುದುರೆ ತರಬೇತುದಾರನ ಹೆಸರಿನಲ್ಲಿ ಹತ್ತುಸದಲ್ಲಿ ದೊರೆತ ಗ್ರಂಥದಲ್ಲಿ, ಕುದುರೆಯನ್ನು ಓಡಿಸುವ ಸುತ್ತುಗಳನ್ನು ‘ಐಕವರ್ತನ್ನ’, ‘ತೇರವರ್ತನ್ನ’, ‘ಪಂಜವರ್ತನ್ನ’, ‘ಸತ್ತವರ್ತನ್ನ’, ‘ನಾವರ್ತನ್ನ’ ಎಂದು ಎಣಿಸಲಾಗಿದೆ. ಒಂದು, ಮೂರು, ಐದು, ಏಳು, ಒಂಬತ್ತು ಎಂಬ ಈ ಎಣಿಕೆ ನಮಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಇರಾನಿನ ಭಾಷೆಗಳಲ್ಲಿ ‘ಒಂದು’ ಎಂಬುದಕ್ಕೆ ‘ಐವ’ ಎಂಬ ರೂಪವಿದ್ದುದರಿಂದ, ‘ಐಕ’ ಎಂಬುದು ಇದು ಇಂಡೋ-ಆರ್ಯನ್ ಕವಲಿನದೆಂದು ತೋರಿಸುತ್ತದೆ; ಸಂಸ್ಕೃತದ ‘ಏಕ’ ಅದಕ್ಕಿಂತ ಒಂದು ಹೆಜ್ಜೆ ಈಚಿನ ಉಚ್ಚಾರ. ಈ ಮಾತಾಡುವವರು ಯಾವ ದಾರಿಯಲ್ಲಿ ಅಲ್ಲಿಗೆ ಬಂದರೆಂಬುದನ್ನು ಫಲಕಗಳು ಹೇಳುವುದಿಲ್ಲ. ಅವು ಹೇಳದ್ದನ್ನು ಅವುಗಳ ಬಾಯಲ್ಲಿ ತುರುಕುವುದು ತರವಲ್ಲ.

ಸುಪ್ಪಿಲುಲಿಯುಮನ ಕೊನೆಯ ವರ್ಷಗಳಲ್ಲಿ ನಡೆದ ಘಟನೆಯೊಂದು ಹಿಟ್ಟೈಟರ ಒಳಮನಸ್ಸನ್ನು ತೆರೆದು ತೋರಿಸುತ್ತದೆ. ಅವನು ಕಾರ್ಕೆಮಿಶ್ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಈಜಿಪ್ಟಿನ ರಾಣಿಯಿಂದ ಓಲೆ ಬಂದಿತು: ಗಂಡ ಸತ್ತಿದ್ದಾನೆ, ನನಗೆ ಮಗನಿಲ್ಲ, ನಿನ್ನ ಮಕ್ಕಳಲ್ಲಿ ಒಬ್ಬನನ್ನು ಕೊಟ್ಟರೆ ಅವನೇ ನನಗೆ ಗಂಡನಾಗುವನು. ಅವಳು ತುತಾಂಖಮುನನ ವಿಧವೆಯೆಂದು ಹಲವು ವಿದ್ವಾಂಸರ ಅಭಿಪ್ರಾಯ. ದೊರೆ ನಂಬದೆ ದೂತನನ್ನು ಕಳಿಸಿ ವಿಚಾರಿಸಿ, ಕೊನೆಗೆ ಜನ್ನಂಜ ಎಂಬ ಮಗನನ್ನು ಕಳಿಸಿದನು. ಆ ಮಗ ಸತ್ತನು. ಈಜಿಪ್ಟಿನವರೇ ಕೊಂದರೆಂದು ಹಿಟ್ಟೈಟರು ನಂಬಿದರು. ಕೋಪಗೊಂಡ ತಂದೆ ಈಜಿಪ್ಟಿನ ಅಧೀನದಲ್ಲಿದ್ದ ಸೀಮೆಗೆ ನುಗ್ಗಿದನು. ಅಲ್ಲಿಂದ ಹಿಡಿದು ತಂದ ಸೆರೆಯಾಳುಗಳ ಜೊತೆಗೆ ಒಂದು ಸಾಂಕ್ರಾಮಿಕ ರೋಗವೂ ಹತ್ತಿಗೆ ಬಂದಿತು. ಸುಪ್ಪಿಲುಲಿಯುಮನು ಸತ್ತನು, ಪಟ್ಟಕ್ಕೆ ಬಂದ ಹಿರಿಯ ಮಗನೂ ಬೇಗನೆ ತೀರಿಕೊಂಡನು, ಕಿರಿಯವನಾದ ಎರಡನೆಯ ಮುರ್ಸಿಲಿಯ ಕಾಲದಲ್ಲಿಯೂ, ಒಟ್ಟು ಇಪ್ಪತ್ತು ವರ್ಷ, ಜನ ಸಾಯುತ್ತಲೇ ಇದ್ದರು.

ಆಗ ಮುರ್ಸಿಲಿ ದೇವರ ಮುಂದೆ ಇಟ್ಟ ಪ್ರಾರ್ಥನೆಗಳು ಉಳಿದಿವೆ. ಕಾರಣ ಹುಡುಕುತ್ತ ಅವನು ಹಳೆಯ ಫಲಕಗಳನ್ನು ತೆಗೆಸಿದನು. ಒಂದರಲ್ಲಿ ಮಾಲ ನದಿಗೆ, ಅಂದರೆ ಯೂಫ್ರೆಟಿಸಿಗೆ, ಸಲ್ಲಬೇಕಾದ ಪೂಜೆ ನಿಂತುಹೋದದ್ದು ತಿಳಿಯಿತು. ಇನ್ನೊಂದರಲ್ಲಿ, ಹತ್ತಿ ಮತ್ತು ಈಜಿಪ್ಟ್ ನಡುವೆ ಬಿರುಗಾಳಿಯ ದೇವರ ಸಾಕ್ಷಿಯಲ್ಲಿ ಆಣೆಯಿಟ್ಟು ಮಾಡಿದ ಹಳೆಯ ಒಪ್ಪಂದವಿತ್ತು. ಅವನ ತಂದೆ ಅದನ್ನು ಮುರಿದಿದ್ದನು. ಗೆದ್ದ ಯುದ್ಧವೊಂದನ್ನು, ಹೆತ್ತ ತಂದೆಯ ಯುದ್ಧವನ್ನು, ಮಗ ಪಾಪವೆಂದು ದೇವರ ಮುಂದೆ ಒಪ್ಪಿಕೊಂಡನು. ಪಾಪ ಮಾಡಿದವನು ನನ್ನ ತಂದೆ, ನಾನಲ್ಲ. ಆದರೂ ತಂದೆಯ ಪಾಪ ಮಗನಿಗೆ ತಗಲುತ್ತದೆ, ಆದ್ದರಿಂದ ನನಗೂ ತಗಲಿದೆ, ಒಪ್ಪಿದ್ದೇನೆ, ಕರುಣಿಸಿ ಎಂಬುದು ಅವನ ಮಾತಿನ ಸಾರ. ಹಕ್ಕಿ ತನ್ನ ಗೂಡನ್ನು ಸೇರಿ ಬದುಕಿಕೊಳ್ಳುತ್ತದೆ, ಆಳು ತನ್ನ ತಪ್ಪನ್ನು ಒಡೆಯನ ಮುಂದೆ ಹೇಳಿಕೊಂಡರೆ ಒಡೆಯನ ಮನಸ್ಸು ಇಳಿಯುತ್ತದೆ ಎಂದು ಅವನು ಉಪಮೆ ಕೊಡುತ್ತಾನೆ. ಸತ್ತುಹೋದರೆ ನಿಮಗೆ ರೊಟ್ಟಿ ಮತ್ತು ಪಾನೀಯದ ನೈವೇದ್ಯ ಮಾಡಲು ಯಾರು ಉಳಿಯುತ್ತಾರೆ ಎಂದು ದೇವರನ್ನೇ ಕೇಳುತ್ತಾನೆ. ಅರಸರ ಶಾಸನವೆಂದರೆ ಗೆಲುವಿನ ಹೊಗಳಿಕೆಯೆಂದೇ ತಿಳಿದಿದ್ದ ನನಗೆ ಈ ಪ್ರಾರ್ಥನೆಯನ್ನು ಮೊದಲು ಓದಿದಾಗ ಆದ ಬೆರಗು ಇನ್ನೂ ಹೋಗಿಲ್ಲ.

ಈಜಿಪ್ಟಿನೊಂದಿಗಿನ ಜಗಳ ಮುಂದಿನ ತಲೆಮಾರಿಗೂ ಸಾಗಿತು. ಕ್ರಿ.ಪೂ. 1274ರಲ್ಲಿ ಸಿರಿಯದ ಕಾದೇಶ್ ಕೋಟೆಯ ಬಳಿ ಎರಡನೆಯ ಮುವತಲ್ಲಿಯ ರಥಸೈನ್ಯ ರಾಮ್ಸೆಸನ ಸೈನ್ಯದ ಮೇಲೆ ಅನಿರೀಕ್ಷಿತವಾಗಿ ಎರಗಿತು. ರಾಮ್ಸೆಸನು ತನ್ನ ದೇವಾಲಯಗಳ ಗೋಡೆಗಳ ಮೇಲೆ ಇದನ್ನು ತನ್ನ ಮಹಾವಿಜಯವೆಂದು ಕೆತ್ತಿಸಿದನು; ಆದರೆ ಯುದ್ಧದ ನಂತರವೂ ಕಾದೇಶ್ ಹಿಟ್ಟೈಟರ ಕೈಯಲ್ಲೇ ಉಳಿಯಿತು. ಹದಿನೈದು ವರ್ಷಗಳ ತರುವಾಯ, ಕ್ರಿ.ಪೂ. 1259ರಲ್ಲಿ, ಮೂರನೆಯ ಹತ್ತುಸಿಲಿ ಮತ್ತು ರಾಮ್ಸೆಸ್ ಬೆಳ್ಳಿಯ ಫಲಕಗಳ ಮೇಲೆ ಬರೆಸಿದ ಒಪ್ಪಂದವನ್ನು ವಿನಿಮಯ ಮಾಡಿಕೊಂಡರು. ಒಬ್ಬರ ಮೇಲೆ ಒಬ್ಬರು ದಾಳಿಮಾಡಬಾರದು, ಹೊರಗಿನ ಶತ್ರು ಬಂದರೆ ಒಬ್ಬರಿಗೊಬ್ಬರು ನೆರವಾಗಬೇಕು, ಓಡಿಬಂದವರನ್ನು ಹಿಂದಿರುಗಿಸಬೇಕು, ಹಾಗೆ ಹಿಂದಿರುಗಿದವರನ್ನೂ ಅವರ ಹೆಂಡತಿಮಕ್ಕಳನ್ನೂ ಶಿಕ್ಷಿಸಕೂಡದು ಎಂಬುದು ಅದರ ತಿರುಳು. ವಿಂಕ್ಲರ್ ಓದಿದ್ದು ಇದರ ಮಣ್ಣಿನ ಪ್ರತಿಯನ್ನೇ. ಅದು ಈಗ ಇಸ್ತಾಂಬುಲಿನಲ್ಲಿದೆ, ಅದರ ಪ್ರತಿಕೃತಿಯನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಇಡಲಾಗಿದೆ. ಬೆಳ್ಳಿಯ ಫಲಕದ ಮೇಲೆ ದೊರೆಯ ಮುದ್ರೆಯೊಂದಿಗೆ ರಾಣಿ ಪುದುಹೇಪಳ ಮುದ್ರೆಯೂ ಇತ್ತೆಂದು ಈಜಿಪ್ಟಿನ ಪಾಠ ಹೇಳುತ್ತದೆ.

ಪುದುಹೇಪ ಕಿಜ್ಜುವತ್ನ ಎಂಬ ದಕ್ಷಿಣದ ಸೀಮೆಯ ಪೂಜಾರಿಯ ಮಗಳು. ರಾಮ್ಸೆಸನಿಗೆ ಅವಳು ಸ್ವತಂತ್ರವಾಗಿ ಪತ್ರ ಬರೆಯುತ್ತಿದ್ದಳು, ಅವನೂ ದೊರೆಗೆ ಬರೆದಂತೆಯೇ ಅವಳಿಗೂ ಬರೆಯುತ್ತಿದ್ದನು. ‘ಹತ್ತಿಯ ಸಾವಿರ ದೇವರು’ ಎಂದು ಹಿಟ್ಟೈಟರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ದೇವತಾಸಮೂಹಕ್ಕೆ ಒಂದು ಕ್ರಮ ಕೊಡುವಲ್ಲಿಯೂ ಅವಳ ಪಾತ್ರ ದೊಡ್ಡದು. ಅರಿನ್ನದ ಸೂರ್ಯದೇವಿಗೆ ಅವಳು ಮಾಡಿದ ಪ್ರಾರ್ಥನೆಯಲ್ಲಿ, ಹತ್ತಿಯಲ್ಲಿ ನಿನ್ನ ಹೆಸರು ಅರಿನ್ನದ ಸೂರ್ಯದೇವಿ, ದೇವದಾರುಗಳ ನಾಡಿನಲ್ಲಿ ನಿನ್ನ ಹೆಸರು ಹೇಬತ್ ಎನ್ನುತ್ತಾಳೆ. ಎರಡು ಜನರ ದೇವಿಯರನ್ನು ಒಂದೇ ಎಂದು ಕಾಣುವ ಮಾತು ಅದು. ಹತ್ತುಸದಿಂದ ಸ್ವಲ್ಪ ದೂರದ ಯಜಿಲಿಕಾಯ ಎಂಬಲ್ಲಿ ಬಂಡೆಗಳ ಗೋಡೆಯ ಮೇಲೆ ಅರವತ್ತಕ್ಕೂ ಹೆಚ್ಚು ದೇವದೇವತೆಯರು ಎರಡು ಸಾಲಾಗಿ ಎದುರುಬದುರು ನಡೆದುಬರುವ ಮೆರವಣಿಗೆಯಿದೆ. ಅವರ ಹೆಸರುಗಳು ಹುರಿಯನ್ ಭಾಷೆಯವು.

ನಿತ್ಯಪೂಜೆಯ ಮಡಿಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ನೈವೇದ್ಯದ ರೊಟ್ಟಿ ಸುಡುವವರು ಸ್ನಾನಮಾಡಿ, ಕೂದಲು ಉಗುರು ತೆಗೆದು, ಶುಭ್ರವಾದ ಬಟ್ಟೆ ಉಟ್ಟಿರಬೇಕು. ನಾಯಿ ಹಂದಿಗಳು ಆ ಜಾಗದ ಹತ್ತಿರ ಸುಳಿಯಬಾರದು. ಮನುಷ್ಯನ ಮನಸ್ಸೂ ದೇವರ ಮನಸ್ಸೂ ಬೇರೆಯೇನು ಎಂದು ಕೇಳಿ, ಅಲ್ಲ, ಎರಡೂ ಒಂದೇ ಎಂದು ಪೂಜಾರಿಗಳ ಕಟ್ಟಳೆ ಉತ್ತರಿಸುತ್ತದೆ. ಅವರ ಪುರಾಣದ ದೇವರುಗಳೂ ಹಾಗೆಯೇ ಸೋಲ ಬಲ್ಲವರು, ಮುನಿಯ ಬಲ್ಲವರು. ವಸಂತದ ಪುರುಲ್ಲಿ ಹಬ್ಬದಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಇಲ್ಲುಯಂಕ ಎಂಬ ಸರ್ಪ ಬಿರುಗಾಳಿಯ ದೇವರನ್ನು ಮೊದಲು ಸೋಲಿಸಿಬಿಡುತ್ತದೆ. ದೇವಿ ಇನಾರ ಔತಣವಿಟ್ಟು ಅದಕ್ಕೆ ಕಂಠಮಟ್ಟ ಕುಡಿಸಿ, ಹುಪಸಿಯ ಎಂಬ ಮರ್ತ್ಯನಿಂದ ಕಟ್ಟಿಸಿದ ಮೇಲೆಯೇ ದೇವರಿಗೆ ಅದನ್ನು ಕೊಲ್ಲಲಾಗುತ್ತದೆ. ಬೆಳೆಯ ದೇವರು ತೆಲಿಪಿನು ಮುನಿದು ಕಾಣೆಯಾದಾಗ ಒಲೆಯ ಬೆಂಕಿ ಉಸಿರುಗಟ್ಟುತ್ತದೆ, ಹಸು ಕರುವನ್ನು ಸೇರಿಸುವುದಿಲ್ಲ, ದೇವರುಗಳೇ ಹಸಿಯುತ್ತಾರೆ. ಹದ್ದು ಹುಡುಕಿ ಸೋತಲ್ಲಿ ಒಂದು ಪುಟ್ಟ ಜೇನುಹುಳು ಅವನನ್ನು ಕಂಡುಹಿಡಿದು ಕುಟುಕಿ ಎಬ್ಬಿಸುತ್ತದೆ.

ಕಬ್ಬಿಣದ ಬಗ್ಗೆ ಒಂದು ಮಾತು. ಹಿಟ್ಟೈಟರು ಕಬ್ಬಿಣದ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡು ಅದರ ಬಲದಿಂದ ಗೆದ್ದರೆಂದು ಅನೇಕ ಪಠ್ಯಗಳು ಹೇಳುತ್ತ ಬಂದಿವೆ. ಆಧಾರಗಳು ಅದನ್ನು ಬೆಂಬಲಿಸುವುದಿಲ್ಲ. ಅವರ ಸೈನಿಕರ ಆಯುಧ ಕಂಚಿನದು. ಕಬ್ಬಿಣ ಅರಸರಿಗೂ ದೇವರಿಗೂ ಸಲ್ಲುವ ಅಪರೂಪದ ವಸ್ತುವಾಗಿತ್ತು. ಮೂರನೆಯ ಹತ್ತುಸಿಲಿ ಮತ್ತೊಬ್ಬ ದೊರೆಗೆ ಬರೆದ ಪತ್ರದಲ್ಲಿ ಒಳ್ಳೆಯ ಕಬ್ಬಿಣ ಸದ್ಯಕ್ಕೆ ಉಗ್ರಾಣದಲ್ಲಿಲ್ಲ, ಈಗ ಒಂದೇ ಒಂದು ಕಠಾರಿಯ ಅಲಗನ್ನು ಕಳಿಸಿದ್ದೇನೆ ಎನ್ನುತ್ತಾನೆ.

ಸಾಮ್ರಾಜ್ಯದ ಕೊನೆ ಬಂದದ್ದು ಕ್ರಿ.ಪೂ. 1200ರ ಆಸುಪಾಸಿನಲ್ಲಿ. ಪುದುಹೇಪಳೇ ರಾಮ್ಸೆಸನಿಗೆ ಬರೆದ ಪತ್ರದಲ್ಲಿ ತನ್ನ ನಾಡಿನಲ್ಲಿ ಧಾನ್ಯವಿಲ್ಲವೆಂದು ಹೇಳಿದ್ದಳು; ಮುಂದೆ ಫೇರೋ ಮೆರ್ನೆಪ್ತಾಹ್ ಹತ್ತಿಯನ್ನು ಬದುಕಿಸಲು ಹಡಗುಗಳಲ್ಲಿ ಧಾನ್ಯ ಕಳಿಸಿದೆನೆಂದು ಬರೆಸಿದ್ದಾನೆ. ಅನತೋಲಿಯದ ಗೋರ್ದಿಯನ್ ಎಂಬಲ್ಲಿ ಸಿಕ್ಕ ಜೂನಿಪರ್ ಮರದ ತೊಲೆಗಳ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನ, ಸುಮಾರು ಕ್ರಿ.ಪೂ. 1198ರಿಂದ 1196ರವರೆಗೆ ಸತತ ಮೂರು ವರ್ಷ ತೀವ್ರ ಬರ ಬಿದ್ದಿತ್ತೆಂದು ತೋರಿಸಿತು. ಒಂದು ವರ್ಷದ ಬರಕ್ಕೆ ಹತ್ತುಸದ ದೊಡ್ಡ ಕಣಜಗಳು ಸಾಕಾಗುತ್ತಿದ್ದವು. ಮೂರು ವರ್ಷದ್ದಕ್ಕೆ ಯಾವ ಕಣಜ ಸಾಲುತ್ತದೆ? ರಾಜವಂಶದ ಒಳಜಗಳ, ಸಾಮಂತರ ಸಡಿಲಿಕೆ, ಕಡಲಿನಿಂದ ಬಂದ ದಾಳಿಕೋರರು, ಎಲ್ಲವೂ ಅದಕ್ಕೆ ಸೇರಿದವು. ಅಗೆತದ ವರದಿಗಳು ಹೇಳುವಂತೆ ಹತ್ತುಸ ಒಂದೇ ರಾತ್ರಿಯಲ್ಲಿ ಶತ್ರುವಿನ ಬೆಂಕಿಗೆ ಬಿದ್ದ ನಗರವಲ್ಲ. ಅರಮನೆ ಮತ್ತು ದೇವಾಲಯಗಳಿಂದ ಬೆಲೆಬಾಳುವುದೆಲ್ಲವನ್ನೂ ಮೊದಲೇ ಸಾಗಿಸಲಾಗಿತ್ತು. ಬೆಂಕಿ ಬಿದ್ದದ್ದು ಬರಿದಾದ ಕಟ್ಟಡಗಳಿಗೆ. ಹೊರಟವರು ಹಳೆಯ ಮಣ್ಣಿನ ಫಲಕಗಳನ್ನು ಮಾತ್ರ ಹೊತ್ತೊಯ್ಯಲಿಲ್ಲ.

ಹಿಟ್ಟೈಟ್ ಭಾಷೆ ಅಲ್ಲಿಗೆ ನಿಂತಿತು. ಅದರ ಸೋದರ ಭಾಷೆಯಾದ ಲುವಿಯನ್, ತನ್ನದೇ ಚಿತ್ರಲಿಪಿಯೊಂದಿಗೆ, ಕಾರ್ಕೆಮಿಶ್, ಮಲತ್ಯ ಮೊದಲಾದ ಸಣ್ಣ ರಾಜ್ಯಗಳಲ್ಲಿ ಇನ್ನೂ ಸುಮಾರು ಐದು ಶತಮಾನ ಬಾಳಿತು, ಕ್ರಿ.ಪೂ. 717ರಲ್ಲಿ ಅಸ್ಸೀರಿಯದ ಎರಡನೆಯ ಸಾರ್ಗೋನ್ ಕಾರ್ಕೆಮಿಶನ್ನು ನುಂಗಿದನು. ಬೈಬಲ್ ಕಂಡ ಹಿಟ್ಟೈಟರು ಈ ಕೊನೆಯ ಕಾಲದವರಿರಬೇಕು. ಆ ಚಿತ್ರಲಿಪಿಯನ್ನು ಓದುವ ಕೆಲಸ ದಶಕಗಳ ಕಾಲ ಕುಂಟುತ್ತ ಸಾಗಿ, 1946ರಲ್ಲಿ ದಕ್ಷಿಣ ಟರ್ಕಿಯ ಕರಾತೆಪೆಯಲ್ಲಿ ಒಂದೇ ವಿಷಯವನ್ನು ಫಿನೀಷಿಯನ್ ಮತ್ತು ಲುವಿಯನ್ ಎರಡರಲ್ಲೂ ಬರೆದ ದೀರ್ಘ ಶಾಸನ ಸಿಕ್ಕಮೇಲೆ ಗಟ್ಟಿನೆಲೆಗೆ ಬಂದಿತು. ಅದರಿಂದ ಬೆಳೆದ ತಿಳಿವಳಿಕೆಯ ಬಲದಿಂದ, 1998ರಲ್ಲಿ ಬ್ರಿಟಿಷ್ ವಿದ್ವಾಂಸ ಡೇವಿಡ್ ಹಾಕಿನ್ಸ್, ಕರಾಬೆಲ್ ಬಂಡೆಯ ಮೇಲಿನ ಸವೆದ ಅಕ್ಷರಗಳನ್ನು ಓದಿ ಪ್ರಕಟಿಸಿದನು. ಹೆರೊಡೋಟಸ್ ಈಜಿಪ್ಟಿನವನೆಂದು ತಿಳಿದಿದ್ದ ಆ ಯೋಧ, ಹಿಟ್ಟೈಟರ ಸಾಮಂತ ರಾಜ್ಯವಾದ ಮಿರದ ದೊರೆ ತರ್ಕಸ್ನವ. ಅವನಿಗಿಂತ ಮೊದಲು ಮಿರವನ್ನು ಆಳಿದ ಕುಪಂತ-ಕುರುಂತನಿಗೂ ಎರಡನೆಯ ಮುರ್ಸಿಲಿಗೂ ಆದ ಒಪ್ಪಂದದ ಫಲಕಗಳು, ಆಣೆಗೆ ಸಾಕ್ಷಿ ನಿಂತ ದೇವರುಗಳ ಪಟ್ಟಿಯೊಂದಿಗೆ, ಹತ್ತುಸದ ಸಂಗ್ರಹದಲ್ಲಿವೆ.